ಶೇಕಡಾ ಲೆಕ್ಕದಲ್ಲಿ ಕಳೆದುಹೋಗುವ ದುಡಿಮೆ

ಚಿತ್ರದುರ್ಗ ಜಿಲ್ಲೆಯ ಭೀಮಸಮುದ್ರ ಅಡಿಕೆ ವಹಿವಾಟಿಗೆ ಹೆಸರಾದ ಊರು. ಆ ಪ್ರದೇಶದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಯೂ ಉಂಟು. ಅದಿರು ಲಾರಿಯ ಚಾಲಕ, ಮರ ಹತ್ತಿ ಅಡಿಕೆ ಗೊನೆ ಇಳಿಸುವವನು, ಮೂಟೆ ಹೊರುವ ಹಮಾಲ ಇವರಿಗೆಲ್ಲ ಕೈಕಾಲುಗಳೇ ಬಂಡವಾಳ. ಇಂಥವರ ಕಾಲು ಮುರಿದು ಕೂಡಿದ ಮೇಲೆ ವೈದ್ಯರು ‘ಶೇ 20ರಷ್ಟು ಅಂಗವೈಕಲ್ಯ’ ಎಂದು ಬರೆದರೆ, ಶೇ 80ರಷ್ಟು ದುಡಿಮೆ ಅವರಲ್ಲಿ ಉಳಿದಿದೆ ಎಂದು ಅರ್ಥವೇ?

2009ರ ತಿದ್ದುಪಡಿಯಿಂದ ‘ನೌಕರರ ಪರಿಹಾರ ಕಾಯಿದೆ’ ಎನಿಸಿಕೊಂಡ 1923ರ ಕಾಯಿದೆಯು ಕೆಲವು ಗಾಯಗಳಿಗೆ ಅನುಸೂಚಿಯಲ್ಲಿಯೇ ಪ್ರಮಾಣ ಗೊತ್ತುಪಡಿಸಿತ್ತು. ಹೆಬ್ಬೆರಳು ಹೋದರೆ ಶೇ 30, ಒಂದು ಕಣ್ಣು ಹೋದರೆ ಶೇ 40. ಪಟ್ಟಿಯಲ್ಲಿಲ್ಲದ ಗಾಯಗಳಿಗೆ, ‘ಗಳಿಕೆಯ ಸಾಮರ್ಥ್ಯ’ ಎಷ್ಟು ನಷ್ಟವಾಗಿದೆ ಎಂದು ವೈದ್ಯರು ಅಂದಾಜು ಮಾಡಬೇಕಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಈ ಹೊಣೆಯನ್ನು ವೈದ್ಯರಿಗೇ ವಹಿಸಿದೆ.

ವಿವಾದದ ಬೇರು ಇರುವುದು ಇಲ್ಲಿಯೇ. ಮೊಣಕಾಲು ಎಷ್ಟು ಡಿಗ್ರಿ ಮಡಚುತ್ತದೆ ಎಂಬುದು ವೈದ್ಯಶಾಸ್ತ್ರದ ಪ್ರಶ್ನೆ. ಆ ಕಾಲಿನವನಿಗೆ ಯಾರು ಕೆಲಸ ಕೊಡುತ್ತಾರೆ, ಎಷ್ಟು ಕೂಲಿಗೆ ಎಂಬುದು ಮಾರುಕಟ್ಟೆಯ ಪ್ರಶ್ನೆ. ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೂ ಅಂಟಿಸುವುದು ಅರ್ಥಶಾಸ್ತ್ರಕ್ಕೂ ನ್ಯಾಯಕ್ಕೂ ಸಲ್ಲದು.

ಸರ್ವೋಚ್ಚ ನ್ಯಾಯಾಲಯ ಇದನ್ನು ಬಹಳ ಹಿಂದೆಯೇ ಹೇಳಿದೆ. 1975ರಲ್ಲಿ, ಮೊಣಕೈಗಿಂತ ಮೇಲೆ ಎಡತೋಳು ಕಳೆದುಕೊಂಡ ಬಡಗಿಯೊಬ್ಬನ ಗಳಿಕೆಯ ಸಾಮರ್ಥ್ಯ ಪೂರ್ಣವಾಗಿ ನಷ್ಟವಾಗಿದೆ ಎಂಬ ತೀರ್ಮಾನವನ್ನು ಅದು ಎತ್ತಿಹಿಡಿಯಿತು. ಒಂದೇ ಕೈಯಲ್ಲಿ ಬಡಗಿತನ ಸಾಧ್ಯವಿಲ್ಲ ಎಂಬುದೇ ಕಾರಣ. 2010ರಲ್ಲಿ ಮೋಟಾರು ಅಪಘಾತ ಪ್ರಕರಣವೊಂದರಲ್ಲಿ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರಿದ್ದ ಪೀಠ, ಒಂದೇ ಬಗೆಯ ಊನ ಚಾಲಕನ ಅನ್ನವನ್ನೇ ಕಸಿಯಬಹುದು, ಗುಮಾಸ್ತನ ನೌಕರಿಗೆ ಧಕ್ಕೆ ತಾರದಿರಬಹುದು ಎಂದು ವಿವರಿಸಿತು. 2019ರ ಡಿಸೆಂಬರ್‌ನಲ್ಲಿ ಕರ್ನಾಟಕದ ಲಾರಿ ಚಾಲಕರೊಬ್ಬರ ಮೇಲ್ಮನವಿ ಬಂದಾಗ, ವೈದ್ಯರು ಹೇಳಿದ್ದು ಶೇ 37; ನ್ಯಾಯಾಲಯ ಒಪ್ಪಿದ್ದು ಶೇ 100. ಹೆಚ್ಚು ಹೊತ್ತು ನಿಲ್ಲಲಾರದ, ಕಾಲು ಮಡಚಲಾರದ ವ್ಯಕ್ತಿ ಲಾರಿ ಓಡಿಸುವುದೆಂತು?

ವಿಮಾ ಸಂಸ್ಥೆಗಳ ಆಕ್ಷೇಪವನ್ನೂ ತಳ್ಳಿಹಾಕುವಂತಿಲ್ಲ. ಚಿಕಿತ್ಸೆ ನೀಡದ ವೈದ್ಯರು ಕೇಳಿದವರಿಗೆಲ್ಲ ಧಾರಾಳವಾಗಿ ಪ್ರಮಾಣಪತ್ರ ಬರೆದುಕೊಡುವುದುಂಟು. ಅಂಥ ಸಿದ್ಧಪತ್ರಗಳ ಬಗ್ಗೆ ಎಚ್ಚರವಿರಲಿ ಎಂದು 2010ರ ಅದೇ ತೀರ್ಪು ಹೇಳಿದೆ. ಆದರೆ ಕಳ್ಳ ಪತ್ರಕ್ಕೆ ಮದ್ದು ನಿಷ್ಪಕ್ಷ ಪರೀಕ್ಷೆಯೇ ಹೊರತು, ಎಲ್ಲ ಪತ್ರಗಳ ಅಂಕಿಯನ್ನೂ ಅರ್ಧಕ್ಕಿಳಿಸುವ ರೂಢಿಯಲ್ಲ.

ಪರಿಹಾರಮಾರ್ಗ ಕಠಿಣವೇನಲ್ಲ. ವೈದ್ಯರು ಬರಿಯ ಶೇಕಡಾ ಅಂಕಿಯ ಬದಲು, ಗಾಯಾಳು ಎಷ್ಟು ಹೊತ್ತು ನಿಲ್ಲಬಲ್ಲ, ಎಷ್ಟು ಭಾರ ಎತ್ತಬಲ್ಲ, ಮೆಟ್ಟಿಲು ಹತ್ತಬಲ್ಲನೇ ಎಂಬುದನ್ನು ಬರೆಯಲಿ. ಕಾರ್ಮಿಕನ ಕೆಲಸದ ಸ್ವರೂಪವನ್ನು ತಿಳಿಸುವ ಟಿಪ್ಪಣಿ ಪರೀಕ್ಷೆಗೆ ಮೊದಲೇ ಅವರ ಕೈಸೇರಲಿ. ಎರಡು ಪತ್ರಗಳ ನಡುವೆ ಅಜಗಜಾಂತರವಿದ್ದರೆ ಜಿಲ್ಲಾ ಆಸ್ಪತ್ರೆಯ ವೈದ್ಯಕೀಯ ಮಂಡಳಿ ಗೊತ್ತಾದ ಅವಧಿಯೊಳಗೆ ಪರೀಕ್ಷಿಸಲಿ. ‘ಬೇರೆ ಕೆಲಸ ಮಾಡಬಹುದಲ್ಲ’ ಎಂದು ವಾದಿಸುವ ಮಾಲೀಕರು ಅಥವಾ ವಿಮಾ ಸಂಸ್ಥೆಯವರು ಯಾವ ಕೆಲಸ, ಎಲ್ಲಿ, ಎಷ್ಟು ವೇತನಕ್ಕೆ ಎಂಬುದನ್ನು ತೋರಿಸಲಿ.

ಸರ್ಕಾರಿ ನೌಕರ ಸೇವೆಯಲ್ಲಿದ್ದಾಗ ಅಂಗವಿಕಲನಾದರೆ ಅವನನ್ನು ತೆಗೆದುಹಾಕುವಂತಿಲ್ಲ. ಹಳೆಯ ವೇತನದಲ್ಲಿಯೇ ಬೇರೆ ಹುದ್ದೆ ಕೊಡಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 20ನೇ ಸೆಕ್ಷನ್ ನೀಡಿರುವ ರಕ್ಷಣೆ ಇದು. ನನ್ನಂಥವರು ಸೇವೆಯುದ್ದಕ್ಕೂ ಇಂಥ ಆಸರೆಯ ನೆರಳಿನಲ್ಲಿದ್ದವರು. ಖಾಸಗಿ ಲಾರಿಯ ಚಾಲಕನಿಗೆ ಆ ಆಸರೆಯಿಲ್ಲ. ಒಮ್ಮೆ ದೊರೆಯುವ ಪರಿಹಾರವೇ ಅವನಿಗೆ ಪಿಂಚಣಿ, ಅದೇ ಮಕ್ಕಳ ಶಾಲೆಯ ಶುಲ್ಕ. ಅದನ್ನು ನಿರ್ಧರಿಸುವ ಕಾಗದದಲ್ಲಿ ಅವನ ಮೂಳೆಯ ಸ್ಥಿತಿಯಷ್ಟೇ ಇದ್ದರೆ ಸಾಲದು, ಅವನ ಕಸುಬಿನ ಹೆಸರೂ ಇರಬೇಕು.