ಮ್ಯೂಸಿಯಂ ಸೇರಿದ ಕಾರು, ಮ್ಯೂಸಿಯಂ ಸೇರದ ಕೈಗಳು



ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಪಿಕಾಸೊ ಚಿತ್ರಗಳಷ್ಟೇ ಮರ್ಯಾದೆಯಿಂದ ಇಟ್ಟುಕೊಂಡಿರೋ ಒಂದು ಸ್ಪೋರ್ಟ್ಸ್ ಕಾರಿದೆ. ಜಾಗ್ವಾರ್ ಇ-ಟೈಪ್. 1961ರಲ್ಲಿ ಜಿನೀವಾದಲ್ಲಿ ಬಿಡುಗಡೆಯಾದಾಗ ಗಂಟೆಗೆ ಸುಮಾರು 240 ಕಿ.ಮೀ. ಓಡುತ್ತೆ ಅಂತ ಜಗತ್ತೇ ಬಾಯಿ ಬಿಟ್ಟಿತ್ತು. 1963ರ ನೀಲಿ ಗಾಡಿಯೊಂದು 1996ರಲ್ಲಿ ಆ ಸಂಗ್ರಹ ಸೇರಿತು. 2008ರಿಂದ ಜಾಗ್ವಾರ್ ಟಾಟಾದವರದ್ದು. ನಮ್ಮ ಕುಂದಲಹಳ್ಳಿಯ ಟೆಕ್ಕಿಗಳು ಆ ಕಾರಿನ ಫೋಟೋ ಹಾಕಿ ಹೆಮ್ಮೆ ಪಡ್ತಾರೆ. ಪಡಲಿ. ಚೆಂದ ಇರೋದನ್ನ ಚೆಂದ ಅನ್ನೋಕೆ ನನಗೂ ಬರುತ್ತೆ.

ನನ್ನ ಪ್ರಶ್ನೆ ಬೇರೆ. ಆ ಕಾರಿನ ಹೆಸರಲ್ಲಿ ಮ್ಯೂಸಿಯಂ ಮೂವರನ್ನು ದಾಖಲಿಸಿದೆ: ವಿಲಿಯಂ ಲಯನ್ಸ್, ಮಾಲ್ಕಮ್ ಸೇಯರ್, ವಿಲಿಯಂ ಹೇನ್ಸ್. ತಗಡು ಬೆಸೆದವರು, ಸೀಟು ಹೊಲಿದವರು, ಆ ಸೀಟಿನ ಚರ್ಮ ಹದ ಮಾಡಿದವರು ಎಲ್ಲಿ?

ಚರ್ಮದ ಮಾತು ಬಂದರೆ ನಮಗೆ ಸುಮ್ಮನಿರೋಕಾಗಲ್ಲ. ಕಾರಿನೊಳಗೆ ‘ಅಪ್ಪಟ ಲೆದರ್’ ಅಂದ್ರೆ ಐಶ್ವರ್ಯ. ಅದೇ ಚರ್ಮವನ್ನ ಸುಣ್ಣದ ನೀರಲ್ಲಿ ನೆನೆಸಿ, ಕೂದಲು ಕೆರೆದು, ತಂಗಡಿ ತೊಗಟೆಯಲ್ಲಿ ಹದ ಮಾಡಿದ ಮಾದಿಗರ ಕೈ ಮಾತ್ರ ಮೈಲಿಗೆ. ವಸ್ತು ಒಳಗೆ ಬರಬಹುದು, ಮಾಡಿದವನು ಊರ ಹೊರಗೆ. ಇದೇ ಜಾತಿಯ ಲೆಕ್ಕ.

ಇನ್ನೊಂದು ಲೆಕ್ಕ ಕೇಳಿ. ಆ ಕಾರು ಬಂದ 1961ರಲ್ಲಿ ನಮ್ಮ ರಾಜ್ಯದ ಪಟ್ಟಣಗಳಲ್ಲಿ ನಮ್ಮವರು ತಲೆ ಮೇಲೆ ಮಲ ಹೊರುತ್ತಿದ್ದರು. ಅದನ್ನ ನಿಷೇಧಿಸೋಕೆ ಎಪ್ಪತ್ತರ ದಶಕದಲ್ಲಿ, ದೇವರಾಜ ಅರಸು ಸಂಪುಟದಲ್ಲಿ ಬಿ. ಬಸವಲಿಂಗಪ್ಪ ಮಂತ್ರಿಯಾಗಿ ಬರಬೇಕಾಯ್ತು. ಕೇಂದ್ರದ ಕಾನೂನು ಬಂದಿದ್ದು 1993ಕ್ಕೆ, ಮತ್ತೆ 2013ಕ್ಕೆ. ಇವತ್ತಿಗೂ ಮ್ಯಾನ್‌ಹೋಲಲ್ಲಿ ಸಾಯೋದು ನಿಂತಿಲ್ಲ. ಕಾರಿನ ವೇಗವೇ ಬೇರೆ, ಸಮಾಜದ ವೇಗವೇ ಬೇರೆ.

ಬಾಬಾಸಾಹೇಬರ ಬದುಕಲ್ಲೇ ಒಂದು ಗಾಡಿಯ ಕತೆ ಇದೆ. 1929, ಚಾಳೀಸಗಾಂವ್. ಅಸ್ಪೃಶ್ಯನ ಟಾಂಗಾ ಓಡಿಸೋಕೆ ಟಾಂಗಾವಾಲಾಗಳು ಒಪ್ಪಲಿಲ್ಲ. ಗಾಡಿ ಬಾಡಿಗೆಗೆ ಸಿಕ್ಕಿತು, ಓಡಿಸೋನು ಸಿಗಲಿಲ್ಲ. ಅಭ್ಯಾಸವಿಲ್ಲದ ನಮ್ಮವನೊಬ್ಬ ಹಗ್ಗ ಹಿಡಿದ. ಸೇತುವೆ ಹತ್ರ ಗಾಡಿಯ ಚಕ್ರ ಕಲ್ಲಿಗೆ ಬಡಿದು ಬಾಬಾಸಾಹೇಬರು ಕಲ್ಲುಹಾಸಿನ ಮೇಲೆ ಎಸೆಯಲ್ಪಟ್ಟರು, ಕಾಲು ಮುರಿಯಿತು. ಕೊಲಂಬಿಯಾದಲ್ಲಿ ಓದಿದ ಬ್ಯಾರಿಸ್ಟರ್‌ಗಿಂತ ತಾನು ಮೇಲು ಅಂತ ಆ ಟಾಂಗಾವಾಲಾಗಳು ನಂಬಿದ್ದರು. ಆ ಟಾಂಗಾ ಯಾವ ವಾಹನ ಮ್ಯೂಸಿಯಂನಲ್ಲಿದೆ?

ನಮ್ಮಲ್ಲೂ ಹಳೇ ಕಾರುಗಳ ಸಂಗ್ರಹಗಳಿವೆ. ಧರ್ಮಸ್ಥಳದಲ್ಲಿದೆ, ಶ್ರೀರಂಗಪಟ್ಟಣದ ಹತ್ತಿರ ‘ಪಯಣ’ ಇದೆ. ಮಕ್ಕಳನ್ನ ಕರ್ಕೊಂಡು ಹೋಗಿ, ನೋಡಿ. ಆದರೆ ಮಕ್ಕಳ ಕೈಲಿ ಒಂದು ಪ್ರಶ್ನೆ ಕೇಳಿಸಿ: ಇದನ್ನ ತೊಳೆದವರು ಯಾರು? ಓಡಿಸಿದವರು ಯಾರು? ಸೀಟಿನ ಚರ್ಮ ಯಾರದ್ದು?

ಕಾರು ತೆಗೆದುಹಾಕಿ ಅಂತ ನಾನು ಕೇಳ್ತಿಲ್ಲ. ಅದರ ಪಕ್ಕ ಚಮ್ಮಾರನ ಉಳಿ, ಹದದ ಬಾನಿ, ಪೌರಕಾರ್ಮಿಕರ ತಳ್ಳುಗಾಡಿ ಇಡಿ ಅಂತ ಕೇಳ್ತಿದೀನಿ. ಕನ್ನಡದಲ್ಲಿ ಬೋರ್ಡ್ ಹಾಕಿ, ಮಾಡಿದವರ ಸಮುದಾಯದ ಹೆಸರು ಬರೀರಿ. ಸರ್ಕಾರಿ ಮ್ಯೂಸಿಯಂಗಳು ನಡೆಯೋದು ನಮ್ಮ ತೆರಿಗೆಯಿಂದ. ಅಲ್ಲಿ ಇದು ಉಪಕಾರ ಅಲ್ಲ, ಹಕ್ಕು. ಅಲ್ಲಿಂದಲೇ ಶುರು ಮಾಡೋಣ. ನಿಮ್ಮ ಜಿಲ್ಲೆಯ ಮ್ಯೂಸಿಯಂಗೆ ಈ ತಿಂಗಳೇ ಒಂದು ಮನವಿ ಕೊಡಿ. ಸಂಘಟನೆಗಳು ಒಟ್ಟಾಗಿ ಕೊಟ್ಟರೆ ಇನ್ನೂ ಒಳ್ಳೇದು.