ಎಲ್ಲದಕ್ಕೂ ವಾರ್‌ಚಾರ್ ಸಾಕಾ?

ನಮ್ಮ ಡಿಬಿಎಂಎಸ್ ಮಿನಿ ಪ್ರಾಜೆಕ್ಟ್‌ಗಳಲ್ಲಿ ಒಂದು ಅಭ್ಯಾಸ ಇದೆ. ಟೇಬಲ್ ಮಾಡುವಾಗ ಯಾವ ಕಾಲಂ ಬಂದರೂ ವಾರ್‌ಚಾರ್ 255 ಅಂತ ಹಾಕಿ ಮುಂದೆ ಹೋಗೋದು. ಡೇಟಾ ಸೇರುತ್ತೆ, ಎರರ್ ಬರಲ್ಲ, ವೈವಾನೂ ಮುಗಿಯುತ್ತೆ. ಇದನ್ನ ನಾವು ನಿಲ್ಲಿಸಬೇಕು ಅಂತ ನನ್ನ ವಾದ. ಆರ್ಡರ್ ಬೈ ಬರೆದ ದಿನ ಇದು ಕೈಕೊಡುತ್ತೆ, ಅದೂ ಸದ್ದಿಲ್ಲದೆ.

ಅಡಿಕೆ ದರ ತಗೊಳ್ಳಿ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆ ಅಡಿಕೆ ಮಾರುಕಟ್ಟೆ ಇದೆ. ರಾಶಿ, ಬೆಟ್ಟೆ, ಚಾಲಿ, ಬಿಳೆಗೋಟು, ಕೆಂಪುಗೋಟು ಅಂತ ಒಂದೊಂದಕ್ಕೂ ಕ್ವಿಂಟಲ್ ಲೆಕ್ಕದಲ್ಲಿ ಬೇರೆ ಬೇರೆ ದರ. ಮೂರೂ ಊರಿನ ದರ ತೋರಿಸೋ ಆ್ಯಪ್ ಮಾಡಿ, ದರವನ್ನು ಪೇಪರಿನಲ್ಲಿ ಬಂದಂತೆ ಕಾಮಾ ಸಮೇತ ಟೆಕ್ಸ್ಟ್ ಆಗಿ ಇಟ್ಟಿರಿ ಅಂದುಕೊಳ್ಳಿ. ಎಲ್ಲಾ ದರ ಐದಂಕಿಯಲ್ಲಿ ಇರೋವರೆಗೂ ಸಾರ್ಟಿಂಗ್ ಸರಿಯಾಗೇ ಕಾಣುತ್ತೆ! ಒಂದು ದಿನ ಕಳಪೆ ಮಾಲು 9,500ಕ್ಕೆ ಹೋಯ್ತು ಅನ್ನಿ, ಅದು 48,000ದ ರಾಶಿಯ ಮೇಲೆ ಬಂದು ಕೂರುತ್ತೆ. ಟೆಕ್ಸ್ಟ್ ಆದರೆ ಡೇಟಾಬೇಸ್ ಎಡದಿಂದ ಒಂದೊಂದೇ ಅಕ್ಷರ ಹೋಲಿಸುತ್ತೆ. 4ಕ್ಕಿಂತ 9 ದೊಡ್ಡದು, ಅಲ್ಲಿಗೆ ಮುಗೀತು. ಮ್ಯಾಕ್ಸ್ ಕೇಳಿದರೂ 9,500 ಅಂತಾನೇ ಹೇಳುತ್ತೆ. ಲಿಮಿಟ್ 5 ಹಾಕಿದ್ದರೆ ನಿಜವಾದ ಒಳ್ಳೆ ದರವೊಂದು ಪಟ್ಟಿಯಿಂದಲೇ ಹೊರಗೆ. ಮಾಲನ್ನ ಯಾವ ಊರಿಗೆ ಒಯ್ಯಬೇಕು ಅಂತ ತೋಟದವರು ಆ ಸ್ಕ್ರೀನ್ ನೋಡಿ ತೀರ್ಮಾನ ಮಾಡೋರು. ಎರರ್ ಬಂದಿದ್ದರೆ ಅವರಿಗೆ ಅನುಮಾನವಾದರೂ ಬರ್ತಿತ್ತು.

'ಕ್ವೆರಿಯಲ್ಲಿ ಪ್ಲಸ್ ಸೊನ್ನೆ ಹಾಕಿದರೆ ನಂಬರ್ ಆಗುತ್ತಲ್ಲ' ಅಂತ ಸೀನಿಯರ್‌ಗಳು ಹೇಳ್ತಾರೆ. ಮೈಎಸ್‌ಕ್ಯೂಎಲ್‌ನಲ್ಲಿ ಟ್ರೈ ಮಾಡಿ. ಅದು ಕಾಮಾ ಸಿಕ್ಕಲ್ಲೇ ಓದೋದು ನಿಲ್ಲಿಸುತ್ತೆ, 9,500 ಬರೀ 9 ಆಗುತ್ತೆ. 48,000 ಮತ್ತು 48,900 ಎರಡೂ 48! ಪೋಸ್ಟ್‌ಗ್ರೆಸ್ ಆದರೆ ಇಂಟಿಜರ್‌ಗೆ ಕಾಸ್ಟ್ ಮಾಡುವಾಗ ನೇರವಾಗಿ ಎರರ್ ಕೊಡುತ್ತೆ. ನನಗೆ ಅದೇ ಇಷ್ಟ. ದರ ಡೆಸಿಮಲ್ ಕಾಲಂನಲ್ಲಿರಲಿ, ಕಾಮಾ ತೋರಿಸುವಾಗ ಹಾಕಿದರಾಯ್ತು.

ಹಾಗಂತ ಅಂಕಿ ಕಂಡಲ್ಲೆಲ್ಲ ಇಂಟಿಜರ್ ಮಾಡೋದೂ ಬೇಡ. ಎಸ್‌ಟಿಡಿ ಕೋಡ್ ಶಿರಸಿಯದು 08384, ಸಿದ್ದಾಪುರದ್ದು 08389, ಯಲ್ಲಾಪುರದ್ದು 08419. ಇಂಟಿಜರ್ ಮಾಡಿದರೆ ಮುಂದಿನ ಸೊನ್ನೆ ಹೋಗುತ್ತೆ. ಎಸ್‌ಟಿಡಿ ಕೋಡ್‌ಗಳನ್ನ ಯಾರೂ ಕೂಡಿಸಲ್ಲ, ಕಳೆಯಲ್ಲ, ಟೆಕ್ಸ್ಟ್ ಆಗೇ ಇರಲಿ.

ಕಷ್ಟದ ಕೇಸ್ ಅಂದ್ರೆ ಸರ್ವೆ ನಂಬರ್. 12/1, 12/2, 12/10 ಅನ್ನೋದನ್ನ ಇಂಟಿಜರ್ ಮಾಡೋಕೆ ಆಗಲ್ಲ. ಟೆಕ್ಸ್ಟ್ ಮಾಡಿದರೆ 12/1 ಆದಮೇಲೆ 12/10, ಆಮೇಲೆ 12/2. ಸರ್ವೆ ನಂಬರ್ 100 ಅಂತೂ 12ಕ್ಕಿಂತ ಮೊದಲೇ! ಉದ್ದದ ಪ್ರಿಂಟ್‌ಔಟ್‌ನಲ್ಲಿ 12/1ರ ಕೆಳಗೆ 12/2 ಹುಡುಕುವ ಅಜ್ಜನಿಗೆ ತನ್ನ ಜಮೀನೇ ಕಾಣೆಯಾದಂತೆ. (ಸಿಎಸ್‌ವಿ ಫೈಲನ್ನ ಎಕ್ಸೆಲ್‌ನಲ್ಲಿ ತೆರೆದರೆ ಇನ್ನೂ ಮಜಾ, 12/3 ತಾರೀಕು ಆಗಿಬಿಡುತ್ತೆ.) ಭೂಮಿ ವೆಬ್‌ಸೈಟಲ್ಲಿ ಪಹಣಿ ನೋಡುವಾಗ ಸರ್ವೆ ನಂಬರ್, ಸರ್ನಾಕ್, ಹಿಸ್ಸಾ ಅಂತ ಬೇರೆ ಬೇರೆ ಕೇಳ್ತಾರಲ್ಲ, ಕಿರಿಕಿರಿ ಅನಿಸಬಹುದು. ಆದರೆ ಟೇಬಲ್ ಕೂಡ ಹಾಗೇ ಇರಬೇಕು. ಸರ್ವೆ ನಂಬರಿಗೆ ಇಂಟಿಜರ್, ಹಿಸ್ಸಾಕ್ಕೆ ಬೇರೆ ಕಾಲಂ, ಆರ್ಡರ್ ಬೈ ಎರಡರ ಮೇಲೂ. ಹಿಸ್ಸಾದಲ್ಲಿ 1ಅ, 10ಬ ಅಂತ ಅಕ್ಷರ ಸೇರಿದ್ದರೆ ಅದನ್ನೂ ಒಡೆಯಬೇಕು.

ಇನ್ನು ಕನ್ನಡ ಹೆಸರುಗಳಿಗೆ ಟೆಕ್ಸ್ಟೇ ಸರಿ, ಆದರೆ ಕೊಲೇಷನ್ ನೋಡಿಕೊಳ್ಳಿ. ವರ್ಣಮಾಲೆಯಲ್ಲಿ ಳ ಕೊನೆಗೆ ಬರುತ್ತೆ, ಯೂನಿಕೋಡ್ ಕೋಡ್ ಪಾಯಿಂಟ್‌ನಲ್ಲಿ ಲ ಆದ ತಕ್ಷಣ, ವ ಗಿಂತ ಮೊದಲು. ಬರೀ ಕೋಡ್ ಪಾಯಿಂಟ್ ನೋಡಿ ಸಾರ್ಟ್ ಮಾಡಿದರೆ 'ಕಾವಲು' ಪದಕ್ಕಿಂತ 'ಕಾಳು' ಮೊದಲು ಬರುತ್ತೆ. ನಮ್ಮ ಕ್ಲಬ್‌ನ ಸದಸ್ಯರ ಪಟ್ಟಿಯಲ್ಲೇ ಒಮ್ಮೆ ಪರೀಕ್ಷೆ ಮಾಡಿ ನೋಡಬಹುದು.