ಚೀಟಿಗೂ ರೋಗಿಗೂ ನಡುವೆ

ಸಂಜೆ ಏಳರ ಹೊತ್ತು. ಪಟ್ಟಂದೂರು ಅಗ್ರಹಾರದ ಮೆಟ್ರೊ ನಿಲ್ದಾಣದಿಂದ ಇಳಿದವರು, ಐಟಿಪಿಎಲ್ಲಿನಲ್ಲಿ ಪಾಳಿ ಮುಗಿಸಿದವರು, ಕಟ್ಟಡದ ಕೆಲಸದಿಂದ ಮರಳಿದವರು ಔಷಧಿ ಅಂಗಡಿಯ ಮುಂದೆ ಸೇರುವ ವೇಳೆ. ಒಬ್ಬರ ಕೈಯಲ್ಲಿ ಡಾಕ್ಟರ ಚೀಟಿ, ಇನ್ನೊಬ್ಬರ ಕೈಯಲ್ಲಿ ಮಾತ್ರೆಯ ಖಾಲಿ ಪಟ್ಟಿ, ಮತ್ತೊಬ್ಬರ ಮೊಬೈಲಿನಲ್ಲಿ ಊರಿನಿಂದ ಬಂದ ಫೋಟೊ. ಕನ್ನಡ, ತೆಲುಗು, ತಮಿಳು, ಹಿಂದಿ, ಬಂಗಾಳಿ, ಭಾಷೆ ಯಾವುದಾದರೂ ಮಾತು ಒಂದೇ: ‘ಬೇಗ ಕೊಡಿ’.

ಬದನೆಕಾಯಿಯನ್ನು ತಿರುಗಿಸಿ ನೋಡಿ ಕೊಳ್ಳುವ, ಸೀರೆಯನ್ನು ಬೆಳಕಿಗೆ ಹಿಡಿದು ನೋಡುವ ಗ್ರಾಹಕರು ಔಷಧಿಯ ಪೊಟ್ಟಣವನ್ನು ಮಾತ್ರ ಪ್ರಶ್ನಿಸದೆ ಒಯ್ಯುತ್ತಾರೆ. ಅದನ್ನು ಪರೀಕ್ಷಿಸುವ ಜ್ಞಾನ ಅವರಿಗಿಲ್ಲ. ಆ ಕೆಲಸವನ್ನು ತಮ್ಮ ಪರವಾಗಿ ಕೌಂಟರಿನ ಹಿಂದಿರುವವರು ಮಾಡಿದ್ದಾರೆಂಬುದು ಅವರ ನಂಬಿಕೆ. ಫಾರ್ಮಸಿಸ್ಟ್ ವೃತ್ತಿ ನಿಂತಿರುವುದು ಈ ನಂಬಿಕೆಯ ಮೇಲೆ.

ಒಂದು ಮೊಕದ್ದಮೆಯ ಪಾಠ

ಈ ಹೊಣೆ ಎಷ್ಟು ದೊಡ್ಡದೆಂಬುದನ್ನು ಅರಿಯಲು ಇಂಗ್ಲೆಂಡಿನ ಒಂದು ಮೊಕದ್ದಮೆಯನ್ನು ನೋಡಬಹುದು. ಎದೆಯ ಸೋಂಕಿನಿಂದ ಬಳಲುತ್ತಿದ್ದ ರೋಗಿಯೊಬ್ಬರಿಗೆ ವೈದ್ಯರು ‘ಅಮಾಕ್ಸಿಲ್’ ಎಂಬ ಆ್ಯಂಟಿಬಯೋಟಿಕ್ ಬರೆದಿದ್ದರು. ಅಕ್ಷರ ಸ್ಪಷ್ಟವಿರಲಿಲ್ಲ. ಫಾರ್ಮಸಿಸ್ಟ್ ಅದನ್ನು ‘ಡಯೊನಿಲ್’ ಎಂದು ಓದಿದರು. ಡಯೊನಿಲ್ ರಕ್ತದ ಸಕ್ಕರೆಯನ್ನು ಇಳಿಸುವ ಮಾತ್ರೆ. ಮಧುಮೇಹವೇ ಇಲ್ಲದ ಆ ರೋಗಿಯ ಸಕ್ಕರೆಯ ಮಟ್ಟ ಅಪಾಯಕರವಾಗಿ ಕುಸಿದು, ಮಿದುಳಿಗೆ ಶಾಶ್ವತ ಹಾನಿಯಾಯಿತು.

ಕೆಟ್ಟ ಅಕ್ಷರ ವೈದ್ಯರದು, ಆದ್ದರಿಂದ ತಪ್ಪೂ ಅವರದೇ ಎಂದು ಯಾರಿಗಾದರೂ ತೋರಬಹುದು. 1989ರಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿದ ತೀರ್ಪು ಬೇರೆಯಾಗಿತ್ತು: ವೈದ್ಯರ ಹೊಣೆ ಶೇಕಡಾ 25, ಫಾರ್ಮಸಿಸ್ಟರ ಹೊಣೆ ಶೇಕಡಾ 75. ಏಕೆಂದರೆ ಅನುಮಾನ ಹುಟ್ಟಿಸುವ ಸುಳಿವುಗಳು ಕಣ್ಣೆದುರೇ ಇದ್ದವು. ಚೀಟಿಯಲ್ಲಿದ್ದ ಪ್ರಮಾಣ ಡಯೊನಿಲ್‌ಗೆ ಹೊಂದುತ್ತಿರಲಿಲ್ಲ. ಅಲ್ಲಿ ಮಧುಮೇಹಿಗಳು ಔಷಧಿಗೆ ಶುಲ್ಕ ತೆರಬೇಕಿಲ್ಲ, ಈ ರೋಗಿ ತೆತ್ತಿದ್ದರು. ಒಂದು ಕ್ಷಣ ನಿಂತು ವೈದ್ಯರಿಗೆ ಫೋನ್ ಮಾಡಿದ್ದರೆ ಅನಾಹುತ ತಪ್ಪುತ್ತಿತ್ತು.

ಫಾರ್ಮಸಿಸ್ಟರ ಕೆಲಸ ಚೀಟಿ ಓದಿ ಡಬ್ಬಿ ತೆಗೆದುಕೊಡುವುದಷ್ಟೇ ಅಲ್ಲ, ಸಂಶಯ ಬಂದಾಗ ನಿಲ್ಲುವುದು ಎಂಬುದೇ ಆ ತೀರ್ಪಿನ ಸಾರ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ಇದಕ್ಕೆ ಇನ್ನೊಂದು ಉದಾಹರಣೆ. ಆ ರೋಗಕ್ಕೆ ಅದನ್ನು ವಾರಕ್ಕೊಮ್ಮೆ ತೆಗೆದುಕೊಳ್ಳಬೇಕು. ಮರೆತು ದಿನವೂ ನುಂಗಿದರೆ ಮೂಳೆಯ ಮಜ್ಜೆ ಕುಗ್ಗಿ ಪ್ರಾಣಕ್ಕೇ ಅಪಾಯ. ‘ಯಾವ ವಾರ ತೆಗೆದುಕೊಳ್ಳುತ್ತೀರಿ? ಸೋಮವಾರವೇ?’ ಎಂದು ರೋಗಿಯ ಭಾಷೆಯಲ್ಲಿ ಕೇಳಿ, ಅದನ್ನು ಪೊಟ್ಟಣದ ಮೇಲೆ ಬರೆದುಕೊಡಲು ಅರ್ಧ ನಿಮಿಷ ಸಾಕು.

ಕಾನೂನು ಏನನ್ನುತ್ತದೆ?

ನಮ್ಮ ದೇಶದಲ್ಲಿ 1948ರ ಫಾರ್ಮಸಿ ಕಾಯಿದೆಯ 42ನೆಯ ಕಲಮಿನ ಪ್ರಕಾರ, ವೈದ್ಯರ ಚೀಟಿಯ ಮೇಲೆ ಔಷಧಿ ವಿತರಿಸುವ ಅಧಿಕಾರ ನೋಂದಾಯಿತ ಫಾರ್ಮಸಿಸ್ಟರಿಗೆ ಮಾತ್ರ. 1945ರ ಔಷಧ ನಿಯಮಗಳೂ ವಿತರಣೆ ಅವರಿಂದ ಅಥವಾ ಅವರ ಖುದ್ದು ಮೇಲ್ವಿಚಾರಣೆಯಲ್ಲಿ ನಡೆಯಬೇಕೆನ್ನುತ್ತವೆ. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ‘ಹೆಚ್1’ ಪಟ್ಟಿಯಲ್ಲಿ ಪ್ರಬಲ ಆ್ಯಂಟಿಬಯೋಟಿಕ್‌ಗಳು, ಕ್ಷಯರೋಗದ ಔಷಧಿಗಳು ಮತ್ತು ಚಟ ಹಿಡಿಸಬಲ್ಲ ಕೆಲವು ಮಾತ್ರೆಗಳಿವೆ. ಇವನ್ನು ಕೊಟ್ಟಾಗ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ ಮತ್ತು ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು 3 ವರ್ಷ ಕಾಪಾಡಬೇಕು. 2015ರ ಫಾರ್ಮಸಿ ವೃತ್ತಿ ನಿಯಮಾವಳಿ ವೃತ್ತಿಯಲ್ಲಿರುವವರ ನಡತೆಗೂ ಚೌಕಟ್ಟು ಹಾಕಿಕೊಟ್ಟಿದೆ.

ಅಂಗಡಿಯೊಳಗಿನ ನಂಬಿಕೆ

ಆದರೆ ಕಾನೂನಿನ ಪುಸ್ತಕ ಕೌಂಟರಿನ ಹಿಂದೆ ಬಂದು ನಿಲ್ಲುವುದಿಲ್ಲ. ಅಲ್ಲಿ ನಿಲ್ಲುವವರು ಮನುಷ್ಯರು. ಸಹಾಯಕ ಹುಡುಗ ಕಪಾಟಿನಿಂದ ಡಬ್ಬಿ ತೆಗೆಯುತ್ತಾನೆ. ಫಾರ್ಮಸಿಸ್ಟ್ ಅದನ್ನು ಚೀಟಿಯೊಡನೆ ತಾಳೆ ನೋಡುತ್ತಾರೆ: ಹೆಸರು, ಮಿಲಿಗ್ರಾಂ, ಮಾತ್ರೆಯೋ ಸಿರಪ್ಪೋ, ಅವಧಿ ಮುಗಿಯುವ ದಿನಾಂಕ. ಮತ್ತೊಬ್ಬರು ಬಿಲ್ ಹಾಕುತ್ತಾರೆ. ಸಹೋದ್ಯೋಗಿಯನ್ನು ನಂಬುವುದೆಂದರೆ ಅವರ ಕೆಲಸವನ್ನು ಪರೀಕ್ಷಿಸದೆ ಬಿಡುವುದಲ್ಲ. ಪರೀಕ್ಷಿಸಿದಾಗ ಯಾರೂ ಮುನಿಸಿಕೊಳ್ಳದಿರುವುದೇ ನಿಜವಾದ ನಂಬಿಕೆ.

ಇದರ ಬೆಲೆ ತಿಳಿಯುವುದು ತಪ್ಪು ನಡೆದುಹೋದಾಗ. ಗ್ರಾಹಕರು ಹೋಗಿ ಕಾಲು ಗಂಟೆಯಾದ ಮೇಲೆ, 5 ಮಿಲಿಗ್ರಾಂ ಬದಲು 50 ಕೊಟ್ಟಿದ್ದು ಹುಡುಗನ ಗಮನಕ್ಕೆ ಬಂತೆನ್ನಿ. ‘ಅಣ್ಣಾ, ತಪ್ಪಾಗಿದೆ’ ಎಂದು ಅವನು ಒಡನೆಯೇ ಹೇಳಿದರೆ, ಬಿಲ್ಲಿನಲ್ಲಿರುವ ನಂಬರಿಗೆ ಫೋನ್ ಮಾಡಿ ಮೊದಲ ಮಾತ್ರೆ ನುಂಗುವ ಮುನ್ನವೇ ತಡೆಯಬಹುದು. ಬೈಗುಳಕ್ಕೆ, ಸಂಬಳದ ಕಡಿತಕ್ಕೆ ಹೆದರಿ ಅವನು ಸುಮ್ಮನಾದರೆ? ಆ ಮೌನದ ಬೆಲೆ ತೆರುವವರು ಯಾವುದೋ ಮನೆಯ ರೋಗಿ. ತಪ್ಪೊಪ್ಪಿಕೊಂಡವನನ್ನು ಎಲ್ಲರೆದುರು ಹೀಯಾಳಿಸುವ ಅಂಗಡಿಯಲ್ಲಿ ಮುಂದಿನ ತಪ್ಪು ಬೆಳಕಿಗೇ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ‘ಹಾನಿಯಿಲ್ಲದ ಔಷಧೋಪಚಾರ’ ಎಂಬ ಜಾಗತಿಕ ಕಾರ್ಯಕ್ರಮ ಆರಂಭಿಸಿದ್ದು, ತಪ್ಪಿಗೆ ವ್ಯಕ್ತಿಯನ್ನಷ್ಟೇ ದೂರದೆ ವ್ಯವಸ್ಥೆಯನ್ನೂ ತಿದ್ದಬೇಕೆಂಬ ಅರಿವಿನಿಂದಲೇ.

ಈ ದಾರಿ ಹಿಡಿಯುವವರಿಗೆ

ಪಿಯುಸಿಯಲ್ಲಿ ವಿಜ್ಞಾನ ಓದಿದವರು 2 ವರ್ಷದ ಡಿ.ಫಾರ್ಮ, 4 ವರ್ಷದ ಬಿ.ಫಾರ್ಮ ಅಥವಾ 6 ವರ್ಷದ ಫಾರ್ಮ.ಡಿ. ಸೇರಬಹುದು. ಡಿ.ಫಾರ್ಮ ಓದಿನ ಬಳಿಕ ಕನಿಷ್ಠ 3 ತಿಂಗಳಲ್ಲಿ 500 ಗಂಟೆಗಳ ಪ್ರಾಯೋಗಿಕ ತರಬೇತಿ ಕಡ್ಡಾಯ. ಇದನ್ನು ಕಾಗದದ ಮೇಲೆ ಮುಗಿಸುವ ಆಸೆಗೆ ವಿದ್ಯಾರ್ಥಿಗಳು ಬೀಳಬಾರದು. ಕೆಟ್ಟ ಅಕ್ಷರದ ಚೀಟಿ, ಅವಸರದ ಗ್ರಾಹಕ, ಹೋಲುವ ಹೆಸರಿನ ಡಬ್ಬಿಗಳು ತರಗತಿಯಲ್ಲಿ ಸಿಗುವುದಿಲ್ಲ.

ತಂದೆತಾಯಿಯರೂ ಒಂದು ವಿಷಯದಲ್ಲಿ ಎಚ್ಚರದಿಂದಿರಬೇಕು. ಓದು ಮುಗಿದೊಡನೆ ‘ಸರ್ಟಿಫಿಕೇಟನ್ನು ಅಂಗಡಿಗೆ ಬಾಡಿಗೆಗೆ ಕೊಟ್ಟರಾಯಿತು, ಮನೆಯಲ್ಲೇ ಕುಳಿತು ತಿಂಗಳಿಗಿಷ್ಟು ಬರುತ್ತದೆ’ ಎಂಬ ಸಲಹೆ ಬರುವುದುಂಟು. ಹಾಗೆ ಗೋಡೆಗೆ ತೂಗುಹಾಕಿದ ಚೌಕಟ್ಟು ಚೀಟಿಯನ್ನು ಓದಲಾರದು, ಅನುಮಾನ ಬಂದಾಗ ಡಾಕ್ಟರಿಗೆ ಫೋನ್ ಮಾಡಲಾರದು. ಮಗನ ಅಥವಾ ಮಗಳ ಹೆಸರಿರುವ ಆ ಕಾಗದದ ಕೆಳಗೆ ಬೇರೆಯವರು ಕೊಟ್ಟ ಮಾತ್ರೆಗೂ ಹೊಣೆ ಆ ಹೆಸರಿನದೇ.

ಪಟ್ಟಂದೂರು ಅಗ್ರಹಾರದ ಆ ಸಂಜೆಯ ಸಾಲಿನಲ್ಲಿ ನಿಂತವರಿಗೆ ಫಾರ್ಮಸಿಸ್ಟರ ಅಂಕಪಟ್ಟಿ ಗೊತ್ತಿಲ್ಲ. ‘ಒಂದು ನಿಮಿಷ ತಾಳಿ, ಡಾಕ್ಟರನ್ನು ಕೇಳಿ ಕೊಡುತ್ತೇನೆ’ ಎಂದರೆ ಕೆಲವರು ಗೊಣಗಿಯಾರು, ಒಬ್ಬಿಬ್ಬರು ಪಕ್ಕದ ಅಂಗಡಿಗೂ ಹೋದಾರು. ಅದನ್ನು ಸಹಿಸಿಕೊಂಡು ಆ ಒಂದು ನಿಮಿಷ ತಾಳುವವರೇ ಬಿಳಿ ಕೋಟಿಗೆ ಯೋಗ್ಯರು.